ನೇಯ್ಗೆಯಲ್ಲಿ ರೇಖಾಗಣಿತ: ಮಲಯ ಬಟ್ಟೆಯಿಂದ ಒಂದು ಪಾಠ

ಸಮದ್ವಿಬಾಹು ತ್ರಿಭುಜದ ವ್ಯಾಖ್ಯೆಯನ್ನು ಕಂಠಪಾಠ ಮಾಡಿದ ಮಗುವಿಗೆ ಅದೇ ಆಕೃತಿ ಬಟ್ಟೆಯಲ್ಲಿ ಕಂಡಾಗ ಗುರುತು ಹತ್ತದಿರಬಹುದು. ಹಾಗಾದರೆ ಆ ಕಲಿಕೆ ಪರೀಕ್ಷೆಯೊಂದಿಗೇ ಮುಗಿಯುತ್ತದೆ. ಈ ಕೊರತೆಯನ್ನು ನೀಗಿಸುವ ಬಗೆಯನ್ನು ಮಲೇಷ್ಯಾದ ಸಾಂಪ್ರದಾಯಿಕ ನೇಯ್ಗೆಯ ಮೂಲಕ ತಿಳಿಯಬಹುದಾಗಿದೆ.

ಅಲ್ಲಿನ ಕೆಲಾಂತಾನ್ ಮತ್ತು ತೆರೆಂಗಾನು ರಾಜ್ಯಗಳು ‘ಸೊಂಗ್‌ಕೆಟ್’ ಎಂಬ ಜರಿ ಬಟ್ಟೆಗೆ ಹೆಸರಾಗಿವೆ. 2021ರಲ್ಲಿ ಯುನೆಸ್ಕೋ ಈ ಕಲೆಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನೇಕಾರರು ಹಾಸಿನ ಎಳೆಗಳನ್ನು ಎಣಿಸಿ ಎತ್ತಿ, ಹೊಕ್ಕಿನೊಡನೆ ಹೆಚ್ಚುವರಿ ಜರಿ ಎಳೆಯನ್ನು ಸೇರಿಸುತ್ತಾರೆ. ಆದುದರಿಂದ ಇಲ್ಲಿ ವಿನ್ಯಾಸವು ಎಣಿಕೆಯಿಂದಲೇ ಮೂಡುತ್ತದೆ.

‘ಪುಚುಕ್ ರೆಬುಂಗ್’, ಅಂದರೆ ಬಿದಿರಿನ ಕಳಲೆ, ಇದರ ಪ್ರಸಿದ್ಧ ವಿನ್ಯಾಸ. ಚೂಪಾದ ತ್ರಿಭುಜಗಳು ಇದರಲ್ಲಿ ಸಾಲಾಗಿ ನಿಲ್ಲುತ್ತವೆ. ತರಗತಿಯಲ್ಲಿ ಚೌಕುಳಿ ಹಾಳೆಯ ಮೇಲೆ ಇದನ್ನು ಸರಳವಾಗಿ ಬಿಡಿಸಬಹುದು. ಅಡಿಸಾಲಿನಲ್ಲಿ 15 ಮನೆಗಳನ್ನು ತುಂಬಿ, ಪ್ರತಿ ಮೇಲಿನ ಸಾಲಿನಲ್ಲಿ ಎರಡೂ ಬದಿಗೆ ಒಂದೊಂದು ಮನೆ ಬಿಟ್ಟರೆ 13, 11, 9 ಎಂದು ಇಳಿದು ಎಂಟನೆಯ ಸಾಲಿನಲ್ಲಿ ಒಂದೇ ಮನೆ ಉಳಿಯುತ್ತದೆ. ನಡುವೆ ಮಡಚಿದಾಗ ಎರಡು ಭಾಗಗಳೂ ಹೊಂದಿಕೊಳ್ಳುತ್ತವೆ, ಇದೇ ಸಮ್ಮಿತಿ. ತುಂಬಿದ ಮನೆಗಳು ಒಟ್ಟು 64, ಅಂದರೆ ಎಂಟರ ವರ್ಗ.

ಇಂತಹ ಎರಡು ಸಾಲುಗಳನ್ನು ತುದಿಗೆ ತುದಿ ತಾಗುವಂತೆ ಎದುರುಬದುರಾಗಿ ಇಟ್ಟರೆ, ನಡುವಿನ ಖಾಲಿ ಜಾಗಗಳು ವಜ್ರಾಕೃತಿಗಳಾಗುತ್ತವೆ. ಅವುಗಳ ನಾಲ್ಕು ಬಾಹುಗಳು ಏಕೆ ಸಮ ಎಂಬ ಪ್ರಶ್ನೆಗೆ ಮಕ್ಕಳು ತ್ರಿಭುಜಗಳನ್ನು ನೋಡಿಯೇ ಉತ್ತರಿಸಬಲ್ಲರು. ‘ತಾಂಪುಕ್ ಮಾಂಗಿಸ್’ ಎಂಬುದು ಮ್ಯಾಂಗೋಸ್ಟೀನ್ ಹಣ್ಣಿನ ತೊಟ್ಟಿನ ವಿನ್ಯಾಸ. ಇದನ್ನು ನಾಲ್ಕು ಸಮಾನ ದಳಗಳಾಗಿ ಬರೆದರೆ, 90 ಡಿಗ್ರಿ ತಿರುಗಿಸಿದಾಗಲೂ ಆಕೃತಿ ಮೊದಲಿನಂತೆಯೇ ಕಾಣುತ್ತದೆ.

ಧಾರವಾಡ ಭಾಗದ ಕಸೂತಿಯೂ ಎಳೆಗಳನ್ನು ಎಣಿಸಿಯೇ ಹಾಕುವ ಕಲೆ. ಗೋಪುರದ ವಿನ್ಯಾಸ ಹಾಕುವ ಮಹಿಳೆಗೆ ಸಮ್ಮಿತಿ ಎಂಬ ಪದ ತಿಳಿಯದಿದ್ದರೂ ಒಂದು ಎಳೆ ತಪ್ಪಿದರೆ ತಕ್ಷಣ ತಿಳಿಯುತ್ತದೆ. ಈ ಅರಿವನ್ನು ಗಣಿತವೆಂದು ಶಾಲೆ ಮಾನ್ಯ ಮಾಡಿದಲ್ಲಿ ಮಗುವಿನ ಭಯ ತಗ್ಗಲು ಸಹಾಯವಾಗುತ್ತದೆ. ತಾಯಿಯ ದುಡಿಮೆಗೂ ಗೌರವ ದೊರೆಯುತ್ತದೆ.

ಸದಸ್ಯರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿ, ಗ್ರಾಮದ ನೇಕಾರರನ್ನು ಅಥವಾ ಕಸೂತಿ ಬಲ್ಲ ಮಹಿಳೆಯರನ್ನು ಒಂದು ಗಣಿತ ತರಗತಿಗೆ ಆಹ್ವಾನಿಸುವಂತೆ ಶಿಕ್ಷಕರನ್ನು ಕೋರಬಹುದು. ಇದಕ್ಕೆ ಬೇಕಾಗುವುದು ಚೌಕುಳಿ ಹಾಳೆ, ಬಣ್ಣದ ಪೆನ್ಸಿಲ್ ಮತ್ತು ಮನೆಯಿಂದ ತಂದ ಒಂದು ಸೀರೆ ಮಾತ್ರ.