ಮಂಗನ ಕಾಯಿಲೆಯಲ್ಲ, ಮನುಷ್ಯನದು

ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಲಕ್ಷ್ಮಿ ಆನೆಯ ಮುಂದೆ ಭಕ್ತರ ಸಾಲು. ನೀಡಿದ ನಾಣ್ಯವನ್ನು ಸೊಂಡಿಲು ಮೂಸಿ ಎತ್ತಿಕೊಂಡು ಮಾವುತನಿಗೆ ಕೊಡುತ್ತದೆ, ಆಮೇಲೆ ಭಕ್ತರ ನೆತ್ತಿಯ ಮೇಲೆ ಇಳಿಯುತ್ತದೆ. ಒದ್ದೆ ತುದಿ, ಬೆಚ್ಚನೆಯ ಉಸಿರು. ನೆಗಡಿಯಾದ ಮಗುವನ್ನೂ ಎತ್ತಿ ಹಿಡಿಯುವವರಿದ್ದಾರೆ. ನಮಗದು ಆಶೀರ್ವಾದ; ಆನೆಗೆ ಅದು ಮೂಗು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಜ್ವರವನ್ನು ನಾವು ‘ಮಂಗನ ಕಾಯಿಲೆ’ ಎಂದೆವು. ಅದನ್ನು ಹರಡುವುದು ಉಣ್ಣೆ ಹುಳು. ಮಂಗವೂ ನಮ್ಮಂತೆ ಅದರಿಂದ ಸಾಯುತ್ತದೆ. ಹೆಸರು ಮಾತ್ರ ಮಂಗನ ತಲೆಗೆ. ನಮ್ಮ ಕೆಮ್ಮು, ನೆಗಡಿ ಪ್ರಾಣಿಗಳಿಗೆ ದಾಟಿದಾಗ ಏನೆನ್ನಬೇಕು?

ದಾಟುವುದಂತೂ ನಿಜ. ಕ್ಷಯ ಮೂಲತಃ ಮನುಷ್ಯರ ಶ್ವಾಸಕೋಶದ ರೋಗ. ಅದರ ಸೋಂಕು ದಕ್ಷಿಣ ಭಾರತದ ಮೂರು ಕಾಡಾನೆಗಳಲ್ಲಿದ್ದುದನ್ನು 2017ರ ಅಧ್ಯಯನವೊಂದು ದೃಢಪಡಿಸಿತು. 2013ರಲ್ಲಿ ಉಗಾಂಡಾದ ಕಿಬಾಲೆ ಕಾಡಿನಲ್ಲಿ ಮನುಷ್ಯರ ನೆಗಡಿಯ ವೈರಾಣು 56 ಚಿಂಪಾಂಜಿಗಳ ಗುಂಪಿನಲ್ಲಿ ಐದನ್ನು ಕೊಂದಿತು. ನಮಗೆ ಎರಡು ದಿನದ ಶೀತ, ಅವಕ್ಕೆ ಸಾವು. 2021ರ ಮೇನಲ್ಲಿ ಹೈದರಾಬಾದ್ ಮೃಗಾಲಯದ ಎಂಟು ಸಿಂಹಗಳಿಗೆ ಕೋವಿಡ್ ತಗುಲಿತು, ಅವು ಚೇತರಿಸಿಕೊಂಡವು. ಮರುತಿಂಗಳು ಚೆನ್ನೈ ಬಳಿಯ ವಂಡಲೂರಿನಲ್ಲಿ ಸೋಂಕು ತಗುಲಿದ ಎರಡು ಸಿಂಹಗಳು ಉಳಿಯಲಿಲ್ಲ.

ಹಂಪಿ ಪಕ್ಕದ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನದಲ್ಲೂ ಹುಲಿ, ಸಿಂಹಗಳಿವೆ. ಅಲ್ಲಿ ಬೇಲಿಯಿದೆ, ಕಾವಲಿದೆ. ಹಂಪಿಯ ಮಂಗಗಳಿಗೆ ಯಾವ ಬೇಲಿ? ಅರ್ಧ ಕಚ್ಚಿದ ಬಾಳೆಹಣ್ಣನ್ನು ನಾವೇ ಚಾಚುತ್ತೇವೆ. ಎಸೆದ ಜ್ಯೂಸ್ ಪೊಟ್ಟಣದ ಸ್ಟ್ರಾವನ್ನು ಅವು ಬಾಯಿಗಿಟ್ಟುಕೊಳ್ಳುತ್ತವೆ. ಎಂಜಲಿನ ಜೊತೆ ಏನೇನು ಹೋಯಿತೋ ನೋಡುವವರಿಲ್ಲ.

ದೂರ ನಿಂತೂ ಪ್ರೀತಿಸಬಹುದೆಂಬುದಕ್ಕೆ ಪಾಠ ಹತ್ತಿರದಲ್ಲೇ ಇದೆ. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯವರಿಗೆಲ್ಲ ಗೊತ್ತಿರುವ ದರೋಜಿ ಕರಡಿಧಾಮ 1994ರಲ್ಲಿ ಆದದ್ದು. ಅಲ್ಲಿ ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಬಳಿದು ಹಿಂದೆ ಸರಿಯುತ್ತಾರೆ. ಇಳಿಹೊತ್ತಿಗೆ ತಾಯಿಕರಡಿ ಮರಿಯನ್ನು ಬೆನ್ನಿಗೇರಿಸಿಕೊಂಡು ಬಂದು ನೆಕ್ಕುತ್ತದೆ. ನಾವು ಎದುರಿನ ಗೋಪುರದಲ್ಲಿ ಕುಳಿತು ನೋಡುತ್ತೇವೆ. ಯಾರಾದರೂ ಕೆಮ್ಮಿದರೆ ಅದರ ಸದ್ದಷ್ಟೇ ಕರಡಿಯನ್ನು ಮುಟ್ಟೀತು, ಉಸಿರಲ್ಲ.