ತಾರೀಖು ದಾಟಿದ ಮೇಲಿನ ಏಳು ದಿನ

ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಒಂದು ದಿನಾಂಕದ ಸುತ್ತ ಕೆಂಪು ಶಾಯಿಯ ಗೆರೆ ಎಳೆಯಲಾಗಿತ್ತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳಿಗೆ ವೈದ್ಯರು ಕೊಟ್ಟಿದ್ದ ದಿನ ಅದು. ಆ ದಿನ ಬಂತು, ಹೋಯಿತು. ಕೂಸು ಬರಲಿಲ್ಲ. ಒಗೆದು ಮಡಿಸಿಟ್ಟಿದ್ದ ಹಳೆಯ ಹತ್ತಿಸೀರೆಗಳನ್ನು ನನ್ನ ಪತ್ನಿ ಮತ್ತೊಮ್ಮೆ ಬಿಸಿಲಿಗೆ ಹರವಿದಳು. ಆಸ್ಪತ್ರೆಗೆ ಒಯ್ಯಬೇಕಾದ ಚೀಲ ಬಾಗಿಲ ಬಳಿಯೇ ಉಳಿಯಿತು. ಅಳಿಯ ಹಾಕಿದ್ದ ಹದಿನೈದು ದಿನಗಳ ರಜೆ ಒಂದೊಂದಾಗಿ ಕರಗತೊಡಗಿತು. ಬೆಳಗಾದರೆ ಬಂಧುಗಳ ಫೋನು: ‘ಇನ್ನೂ ಆಗಲಿಲ್ಲವೇ?’ ಮೂರನೆಯ ದಿನದಿಂದ ಮಗಳು ಫೋನ್ ಎತ್ತುವುದನ್ನೇ ಬಿಟ್ಟಳು. ‘ಪರೀಕ್ಷೆಯಲ್ಲಿ ಫೇಲಾದವಳನ್ನು ಮಾತನಾಡಿಸಿದ ಹಾಗೆ ಮಾತನಾಡಿಸುತ್ತಾರಪ್ಪ’ ಎಂದಳು.

ಮೂರು ದಶಕಗಳಿಗೂ ಹೆಚ್ಚು ಕಾಲ ಕಡತಗಳ ನಡುವೆ ಕಳೆದ ನನಗೆ ‘ಕೊನೆಯ ದಿನಾಂಕ’ದ ಮೇಲೆ ಸಹಜವಾಗಿಯೇ ಶ್ರದ್ಧೆ. ಆದರೆ ಹೆರಿಗೆಯ ದಿನಾಂಕ ಆ ಜಾತಿಯದಲ್ಲ. ಅದು ಆದೇಶವಲ್ಲ, ಅಂದಾಜು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸುವ ಈ ಲೆಕ್ಕ ಜರ್ಮನಿಯ ಪ್ರಸೂತಿ ತಜ್ಞ ಫ್ರಾನ್ಸ್ ನೇಗೆಲೆ (1778–1851) ಅವರ ಹೆಸರಿನಲ್ಲಿ ಉಳಿದುಬಂದಿದೆ. ಒಟ್ಟು 280 ದಿನ, ಅಂದರೆ 40 ವಾರ. ನಮ್ಮ ಮನೆಯ ಹಿರಿಯರು ಹೇಳುತ್ತಿದ್ದ ‘ಒಂಬತ್ತು ತಿಂಗಳು ಒಂಬತ್ತು ದಿನ’ಕ್ಕೂ ಇದಕ್ಕೂ ಇರುವುದು ಎರಡೇ ದಿನಗಳ ಅಂತರ. ಈಗ ಮೊದಲ ಮೂರು ತಿಂಗಳೊಳಗೆ ಸ್ಕ್ಯಾನಿಂಗ್ ಮಾಡಿ ಈ ಲೆಕ್ಕವನ್ನು ತಿದ್ದುತ್ತಾರೆ. ಆದರೂ ಹೇಳಿದ ದಿನವೇ ಹುಟ್ಟುವ ಶಿಶುಗಳು ನೂರಕ್ಕೆ ನಾಲ್ಕೋ ಐದೋ ಮಾತ್ರ. ಚೊಚ್ಚಲ ಕೂಸುಗಳು ತುಸು ತಡವಾಗಿ ಬರುವುದೇ ಹೆಚ್ಚು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ಹೊಸ ಪಾಠವೇನಲ್ಲ. ಸರಾಸರಿ ಎಂಬುದು ಗುಂಪಿನ ಗುಣ, ವ್ಯಕ್ತಿಯ ಕರ್ತವ್ಯವಲ್ಲ.

ಹಾಗೆಂದು ನಾನು ನೆಮ್ಮದಿಯಿಂದ ಇದ್ದೆನೆಂದಲ್ಲ. ನನ್ನ ಭಯಕ್ಕೆ ಒಂದು ಹಳೆಯ ಕಾರಣವಿತ್ತು. 1990ರ ದಶಕದ ಆರಂಭದಲ್ಲಿ ನಾನು ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿದ್ದೆ. ನಮ್ಮ ಕಚೇರಿಯ ಜವಾನನ ಹೆಂಡತಿಗೂ ಅದು ಚೊಚ್ಚಲ. ಮುಟ್ಟು ನಿಂತ ದಿನವನ್ನು ಯಾರೂ ಬರೆದಿಟ್ಟಿರಲಿಲ್ಲ. ಸ್ಕ್ಯಾನಿಂಗ್ ಯಂತ್ರ ಇದ್ದುದು ಜಿಲ್ಲಾ ಕೇಂದ್ರದಲ್ಲಿ. ‘ಇನ್ನೂ ದಿನ ತುಂಬಿಲ್ಲ’ ಎಂದು ಮನೆಯ ಹಿರಿಯರು ಕಾದರು. ಹೊಟ್ಟೆಯೊಳಗೆ ಮಗು ಮಿಸುಕಾಡುತ್ತಿಲ್ಲ ಎಂದು ಆಕೆ ಹೇಳಿದ ಮೇಲೂ ಒಂದು ರಾತ್ರಿ ಕಾದರು. ಬೆಳಗಿನ ಜಾವ ಅವನು ಬಂದು ಬಾಗಿಲು ಬಡಿದಾಗ ಕಚೇರಿಯ ಜೀಪು ಕೊಟ್ಟು ಕಳುಹಿಸಿದೆ. ಜೀಪು ಹೋಗಿ ಮುಟ್ಟಿತು. ಆದರೆ ಮಗು ಒಳಗೇ ತೀರಿಕೊಂಡಿತ್ತು. ಮೂರು ದಿನಗಳ ನಂತರ ಅವನು ಕೆಲಸಕ್ಕೆ ಬಂದು, ಎಂದಿನಂತೆ ನನ್ನ ಮೇಜು ಒರೆಸಿದ. ನನಗೆ ಏನು ಹೇಳಬೇಕೆಂದು ತೋಚಲಿಲ್ಲ.

ಆದ್ದರಿಂದ ಕಾಯುವುದೇ ಒಂದು ಸದ್ಗುಣ ಎಂದು ನಾನು ಬರೆಯಲಾರೆ. 41 ವಾರ ದಾಟಿದಂತೆ ಮಾಸಿನ ಕಸುವು ಕುಂದುವ, ಮಗುವಿನ ಸುತ್ತಲಿನ ನೀರು ಕಡಿಮೆಯಾಗುವ ಸಂಭವ ಹೆಚ್ಚುತ್ತದೆ. ಸ್ವೀಡನ್ನಿನಲ್ಲಿ ಸುಮಾರು 2,760 ಗರ್ಭಿಣಿಯರ ಮೇಲೆ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. 41 ವಾರಕ್ಕೆ ಔಷಧಿ ಕೊಟ್ಟು ನೋವು ಬರಿಸಿದ ಗುಂಪಿನಲ್ಲಿ ಒಂದು ಶಿಶುವೂ ಸಾಯಲಿಲ್ಲ. 42 ವಾರದವರೆಗೆ ಕಾದ ಗುಂಪಿನಲ್ಲಿ ಆರು ಶಿಶುಗಳು ತೀರಿಕೊಂಡವು. ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಲಾಯಿತು. 41 ವಾರ ತುಂಬಿದ್ದು ಖಚಿತವಾದರೆ ನೋವು ಬರಿಸುವುದು ಒಳಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಹೌದು. ‘ಖಚಿತವಾದರೆ’ ಎಂಬ ಮಾತೇ ಇಲ್ಲಿ ಮುಖ್ಯ. ಆ ಜವಾನನ ಮನೆಯಲ್ಲಿ ಇಲ್ಲದೆ ಹೋದದ್ದು ಅದೇ.

ನಗರದ ಮಧ್ಯಮ ವರ್ಗದ ನಮ್ಮ ಸಮಸ್ಯೆ ಇದಕ್ಕೆ ತಿರುಗಾಮುರುಗಾ. ನಾಲ್ಕನೆಯ ದಿನ ಬೀಗರ ಮನೆಯಿಂದ ಪಂಚಾಂಗದ ಸಂದೇಶ ಬಂತು: ಮರುದಿನ ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಯೊಳಗೆ ಒಳ್ಳೆಯ ಲಗ್ನವಿದೆ, ಹೇಗೂ ದಿನ ಮೀರಿದೆಯಲ್ಲ, ಆಪರೇಷನ್ ಮಾಡಿಸಿಬಿಡಿ. ಅವರೂ ಆತಂಕದಿಂದಲೇ ಹೇಳಿದ್ದರು. ಅವರನ್ನು ದೂರಿ ಫಲವಿಲ್ಲ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಅಂಕಿಗಳನ್ನು ನೋಡಿ. ದೇಶದ ಹೆರಿಗೆಗಳಲ್ಲಿ ಸಿಸೇರಿಯನ್ ಪ್ರಮಾಣ ಶೇ 21.5. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಶೇ 14.3, ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4. ಹಣ ಕೊಡಬಲ್ಲವರ ಶರೀರ ರಚನೆಯೇ ಬೇರೆಯೇ? ನಿಗದಿತ ವೇಳೆಯ ಶಸ್ತ್ರಕ್ರಿಯೆ ಆಸ್ಪತ್ರೆಗೆ ಅನುಕೂಲ, ಮನೆಯವರಿಗೆ ಸಮಾಧಾನ, ಜ್ಯೋತಿಷಿಗೆ ಸಂತೋಷ. ಗಾಯವನ್ನು ಹೊತ್ತು ಎದ್ದು ಓಡಾಡಬೇಕಾದವಳು, ಮುಂದಿನ ಬಸಿರಿನಲ್ಲಿ ಅದರ ಅಪಾಯವನ್ನು ಎದುರಿಸಬೇಕಾದವಳು ಮಾತ್ರ ತಾಯಿ.

ಒಂದೆಡೆ ವಿಪರೀತ ತಡ, ಇನ್ನೊಂದೆಡೆ ವಿಪರೀತ ಅವಸರ. ಮೇಲ್ನೋಟಕ್ಕೆ ವಿರುದ್ಧವಾಗಿ ಕಾಣುವ ಈ ಎರಡಕ್ಕೂ ಮದ್ದು ಒಂದೇ. ಆರಂಭದಲ್ಲಿಯೇ ದಿನಾಂಕವನ್ನು ಸರಿಯಾಗಿ ಗೊತ್ತುಮಾಡಬೇಕು. ದಿನ ಮೀರಿದಾಗ ಏನು ನಡೆಯುತ್ತಿದೆ ಎಂಬುದನ್ನು ಬಸುರಿಗೆ ಅವಳ ಭಾಷೆಯಲ್ಲಿ ಕುಳಿತು ಹೇಳುವವರು ಬೇಕು. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ವ್ಯವಸ್ಥೆಯಿದೆ. ಅಲ್ಲಿ ತೂಕ, ರಕ್ತದೊತ್ತಡ ಬರೆದುಕೊಳ್ಳುವಷ್ಟೇ ಮುಖ್ಯವಾಗಿ ಈ ಮಾತಿಗೂ ಐದು ನಿಮಿಷ ಮೀಸಲಿಡಬೇಕು. ಖಾಸಗಿ ಆಸ್ಪತ್ರೆಗಳೂ ಪ್ರತಿ ಸಿಸೇರಿಯನ್ನಿನ ಕಾರಣವನ್ನು ಬರೆದು ತಾಯಿಯ ಕೈಗೆ ಕೊಡುವಂತಾಗಬೇಕು.

ನಮ್ಮ ಪುಣ್ಯಕ್ಕೆ ಅಂಥ ವೈದ್ಯೆಯೊಬ್ಬರು ಸಿಕ್ಕಿದ್ದರು. ಎರಡು ದಿನಕ್ಕೊಮ್ಮೆ ಎದೆಬಡಿತ, ನೀರು ಎರಡನ್ನೂ ನೋಡುತ್ತೇನೆ, ಮಿಸುಕಾಟ ಕಡಿಮೆಯಾಯಿತೆನಿಸಿದರೆ ಅಪರಾತ್ರಿಯಾದರೂ ಬನ್ನಿ, 41 ವಾರ ತುಂಬಿದ ದಿನ ದಾಖಲಾಗಿ ಎಂದರು. ಮಗಳು, ಅಳಿಯ ಒಪ್ಪಿದರು. ಬೀಗರಿಗೆ ಅಳಿಯನೇ ಫೋನ್ ಮಾಡಿ, ‘ಅಮ್ಮ, ನಾವಿಬ್ಬರೂ ಕಾಯುತ್ತೇವೆ’ ಎಂದ. ಆ ರಾತ್ರಿಗಳಲ್ಲಿ ನನಗೆ ನಿದ್ದೆಯಿಲ್ಲ. ನೀರು ಕುಡಿಯುವ ನೆಪದಲ್ಲಿ ಎದ್ದು ಹೋದರೆ ಅಳಿಯ ದೀಪದ ಕೆಳಗೆ ಕೂತು, ಮಗಳು ಹೇಳಿದಂತೆ ಮಿಸುಕಾಟದ ಲೆಕ್ಕವನ್ನು ಪುಟ್ಟ ಪುಸ್ತಕದಲ್ಲಿ ಬರೆಯುತ್ತಿದ್ದ. ‘ಆಡ್ತಾ ಇದೆ ಮಾವ, ಮಲಗಿ’ ಎನ್ನುತ್ತಿದ್ದ.

ಏಳನೆಯ ದಿನ ದಾಖಲಾದಳು. ಔಷಧಿ ಕೊಟ್ಟರು, ನೋವು ಬಂತು. ಹದಿನೆಂಟು ಗಂಟೆಗಳ ನಂತರ ಮಗುವಿನ ಎದೆಬಡಿತ ಇಳಿಯತೊಡಗಿತು. ಕೊನೆಗೆ ಸಿಸೇರಿಯನ್ನೇ ಆಯಿತು. ‘ಅಂದೇ ಮಾಡಿಸಿದ್ದರೆ?’ ಎಂದು ಕೇಳಿದವರಿದ್ದಾರೆ. ಅಂದು ಕಾರಣವಿದ್ದುದು ಪಂಚಾಂಗದಲ್ಲಿ. ಇಂದು ಅದು ಮಗುವಿನ ಎದೆಯಲ್ಲಿತ್ತು. ಕತ್ತರಿ ಒಂದೇ ಆದರೂ ಈ ಎರಡೂ ಒಂದೇ ಅಲ್ಲ.

ಹುಟ್ಟಿದ್ದು ಹೆಣ್ಣುಮಗು. 21 ದಿನಗಳೊಳಗೆ ಮಾಡಿಸಬೇಕಾದ ಜನನ ನೋಂದಣಿಯ ಕಾಗದಗಳನ್ನು ಹಳೆಯ ಅಭ್ಯಾಸದಂತೆ ನಾನೇ ಪರಿಶೀಲಿಸಿದೆ. ಹುಟ್ಟಿದ ದಿನಾಂಕಕ್ಕೆ ಅಲ್ಲಿ ಕಲಮು ಇದೆ. ಹುಟ್ಟಬೇಕಾಗಿದ್ದ ದಿನಾಂಕವನ್ನು ಸರ್ಕಾರ ಕೇಳುವುದಿಲ್ಲ.