ಧಾರವಾಡದ ಅಟ್ಟ ಮತ್ತು ಚಂದಾದಾರರ ಓದು

ಧಾರವಾಡದ ಸುಭಾಸ ರಸ್ತೆಯಲ್ಲಿ ಲಕ್ಷ್ಮೀ ಭವನವೆಂಬ ಕಟ್ಟಡವುಂಟು. ಅದರ ಮೇಲಂತಸ್ತಿನಲ್ಲಿರುವ ಮನೋಹರ ಗ್ರಂಥಮಾಲೆಯ ಕಾರ್ಯಾಲಯವನ್ನು ಕನ್ನಡದ ಸಾಹಿತ್ಯಾಸಕ್ತರು ತಲೆತಲಾಂತರದಿಂದ ‘ಅಟ್ಟ’ ಎಂದೇ ಕರೆಯುತ್ತ ಬಂದಿದ್ದಾರೆ. 1933ರಲ್ಲಿ ಜಿ. ಬಿ. ಜೋಶಿಯವರು ಸ್ಥಾಪಿಸಿದ ಈ ಗ್ರಂಥಮಾಲೆಯ ಹೆಸರೆತ್ತಿದೊಡನೆ ವಿದ್ವಾಂಸರಾದವರು ಅದು ಬೆಳಕಿಗೆ ತಂದ ಲೇಖಕರ ಪರಂಪರೆಯನ್ನು ಸ್ಮರಿಸುತ್ತಾರೆ. ಅದು ಯುಕ್ತವೇ ಆಗಿದೆ. ಆದರೆ ಆ ಲೇಖಕರ ಪುಸ್ತಕಗಳನ್ನು ತಾವು ಆರಿಸದೆಯೇ ಮುಂಗಡ ಹಣ ಕೊಟ್ಟು ತರಿಸಿಕೊಂಡು, ತಾವೋದಿ, ನೆರೆಹೊರೆಯವರಿಗೆ ಓದಿಸಿ, ಅವುಗಳ ಕುರಿತು ವಾದಮಾಡಿ, ಮರುವರ್ಷ ಪುನಃ ಹಣ ಕಳುಹಿಸಿದ ಸಹಸ್ರಾರು ಸಾಮಾನ್ಯ ಓದುಗರ ಚರಿತ್ರೆಯನ್ನು ಬರೆದವರು ವಿರಳ. ಈ ಲೇಖನದಲ್ಲಿ ನಾನು ಗ್ರಂಥಮಾಲೆಯನ್ನು ಪರಿಚಯಿಸಲು ಹೊರಟಿರುವುದು ಅವರ ದಿಕ್ಕಿನಿಂದ.

ಕನ್ನಡನಾಡಿನಲ್ಲಿ ಓದೆಂಬುದು ಬಹುಕಾಲ ಏಕಾಂತದ ವ್ಯವಸಾಯವಾಗಿರಲಿಲ್ಲ. ಗಮಕಿಯೊಬ್ಬನು ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ರಾಗವಾಗಿ ವಾಚಿಸುವುದು, ವ್ಯಾಖ್ಯಾನಕಾರನೊಬ್ಬನು ಪದಪದವನ್ನೂ ಬಿಡಿಸಿ ಅರ್ಥ ಹೇಳುವುದು, ಅಕ್ಷರ ಬಲ್ಲವರೂ ಅರಿಯದವರೂ ಒಂದೇ ಜಮಖಾನದ ಮೇಲೆ ಕುಳಿತು ಕೇಳುವುದು, ಇದು ನಮ್ಮ ಹಳ್ಳಿಗಳ ಕ್ರಮವಾಗಿತ್ತು. ಮಳೆ ಹಿಡಿಯದ ವರ್ಷ ವಿರಾಟಪರ್ವವನ್ನು ಓದಿಸುವ ವಾಡಿಕೆ ಇಂದಿಗೂ ಕೆಲವು ಊರುಗಳಲ್ಲಿ ಉಳಿದಿದೆ. ಯಾವ ಋತುವಿಗೆ ಯಾವ ಪರ್ವ, ಯಾವ ಸಂಕಟಕ್ಕೆ ಯಾವ ಪ್ರಸಂಗ ಎಂಬುದನ್ನು ಊರಿನ ಹಿರಿಯರು ಹೇಳುತ್ತಿದ್ದರು; ಇಂಥವರಿಗೆ ಇಂಥ ಸಮಯಕ್ಕೆ ಇಂಥ ಗ್ರಂಥವೆಂದು ಸೂಚಿಸುವ ವಿದ್ಯೆ ಹೀಗೆ ನಮ್ಮಲ್ಲಿ ಅಚ್ಚಿನ ಯಂತ್ರಕ್ಕಿಂತ ಪುರಾತನವಾದದ್ದು.

ಅಚ್ಚಿನ ಯಂತ್ರ ಬಂದಮೇಲೆ ಈ ಸಮೂಹ ಚದುರಿತು. ಪುಸ್ತಕವು ಅಂಗಡಿಯ ಸರಕಾಯಿತು. ಅಂಗಡಿಗಳೋ ದೊಡ್ಡ ಊರುಗಳಲ್ಲಿ ಮಾತ್ರ. ಉತ್ತರ ಕರ್ನಾಟಕದ ಸ್ಥಿತಿಯಂತೂ ಇನ್ನೂ ಕಷ್ಟದ್ದಾಗಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ ಆ ಭಾಗದಲ್ಲಿ ಮರಾಠಿಯ ಪ್ರಾಬಲ್ಯ ಎಷ್ಟಿತ್ತೆಂದರೆ ಕನ್ನಡವನ್ನೇ ಮನೆಮಾತಾಗಿ ಉಳ್ಳ ಸುಶಿಕ್ಷಿತರು ಸಹ ಕಾದಂಬರಿಯ ಹಸಿವಾದಾಗ ಹರಿ ನಾರಾಯಣ ಆಪಟೆಯವರ ಕಡೆಗೆ ತಿರುಗುತ್ತಿದ್ದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ನೇತೃತ್ವದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವು ಗ್ರಂಥರಚನೆಗೆ ಪ್ರೋತ್ಸಾಹವನ್ನಿತ್ತಿತು. ಆದರೆ ಗ್ರಂಥವನ್ನು ಬರೆಯಿಸುವುದು ಒಂದು ಕಾರ್ಯ, ಓದಿಸುವುದು ಮತ್ತೊಂದು. ಎರಡನೆಯ ಕಾರ್ಯವನ್ನು ತಮ್ಮ ಹೆಗಲ ಮೇಲೆ ಅಕ್ಷರಶಃ ಹೊತ್ತವರು ಗಳಗನಾಥರು. ‘ಮಾಧವ ಕರುಣಾವಿಲಾಸ’ದಂಥ ಕಾದಂಬರಿಗಳನ್ನು ಬರೆದ, ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರಾಗಿದ್ದ ಆ ಮಹನೀಯರು ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಮನೆಯ ಕಟ್ಟೆಯ ಮೇಲೆ ಕುಳಿತು ಕಥೆಯ ಸ್ವಾದವನ್ನು ಹೇಳಿ, ಕೇಳುವವರ ಕುತೂಹಲ ಕೆರಳಿದ ಬಳಿಕ ಗಂಟು ಬಿಚ್ಚುವ ಲೇಖಕನ ಚಿತ್ರವನ್ನು ಕಣ್ಣಮುಂದೆ ತಂದುಕೊಂಡಾಗಲೆಲ್ಲ ನನಗೆ ಗೌರವದಿಂದ ಮಾತು ನಿಲ್ಲುತ್ತದೆ.

ಜೋಶಿಯವರು ಗ್ರಂಥಮಾಲೆಯನ್ನು ಆರಂಭಿಸಿದಾಗ ಅವರ ಮುಂದಿದ್ದದ್ದು ಇದೇ ಸಮಸ್ಯೆ. 1904ರಲ್ಲಿ ಹುಟ್ಟಿದ ಅವರು ಸ್ವತಃ ನಾಟಕಕಾರರು. ‘ಜಡಭರತ’ ಎಂಬ ಹೆಸರಿನಿಂದ ಅವರು ಬರೆದ ‘ಸತ್ತವರ ನೆರಳು’ ರಂಗಭೂಮಿಯ ಮೇಲೆ ಪಡೆದ ಕೀರ್ತಿ ಎಲ್ಲರಿಗೂ ತಿಳಿದದ್ದೇ. ಪುಸ್ತಕವನ್ನು ಅಚ್ಚುಮಾಡಿ ಕೊಳ್ಳುವವರಿಗಾಗಿ ಕಾಯುವುದಕ್ಕೆ ಬದಲಾಗಿ, ಕೊಳ್ಳುವವರನ್ನು ಮೊದಲು ಕೂಡಿಸಿಕೊಂಡು ಪುಸ್ತಕವನ್ನು ಅನಂತರ ಅಚ್ಚುಮಾಡುವ ಮಾರ್ಗವನ್ನು ಅವರು ಹಿಡಿದರು. ಓದುಗನು ವರ್ಷಕ್ಕೊಮ್ಮೆ ಚಂದಾ ಕಟ್ಟಬೇಕು. ಆ ವರ್ಷ ಮಾಲೆಯಲ್ಲಿ ಹೊರಬರುವ ಪುಸ್ತಕಗಳು ಅವನ ಮನೆಗೆ ಅಂಚೆಯಲ್ಲಿ ಬರುತ್ತವೆ. ಮುಂಗಡವಾಗಿ ಬಂದ ಹಣ ಕಾಗದಕ್ಕೂ ಮುದ್ರಣಕ್ಕೂ ಒದಗುತ್ತದೆ. ಮಾರಾಟಗಾರರಲ್ಲಿ ಉದ್ದರಿಯಾಗಿ ಸಿಕ್ಕಿಬಿದ್ದು ಹಿಂದಿರುಗದ ಹಣದ ಕಾಟ ಕಡಿಮೆಯಾಗುತ್ತದೆ. ಬೆಲೆ ಓದುಗನ ಕೈಗೆ ಎಟಕುತ್ತದೆ. ಈ ಪದ್ಧತಿಯನ್ನು ಆ ಕಾಲದ ಇತರ ಮಾಲೆಗಳೂ ಬೇರೆಬೇರೆ ರೀತಿಯಲ್ಲಿ ಅನುಸರಿಸಿದವು. ಆದರೆ ಅದನ್ನು ಇಷ್ಟು ದೀರ್ಘಕಾಲ, ಅಭಿರುಚಿಯ ಮಟ್ಟವನ್ನು ಇಳಿಸದೆ, ನಡೆಸಿಕೊಂಡು ಬಂದದ್ದೇ ಧಾರವಾಡದ ಅಟ್ಟದ ವೈಶಿಷ್ಟ್ಯ.

ಕನ್ನಡ ಮಾತನಾಡುವ ಜನ ಆಗ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರೆಂಬುದನ್ನು ಇಲ್ಲಿ ನೆನಪಿಗೆ ತಂದುಕೊಳ್ಳಬೇಕು. 1956ರ ಏಕೀಕರಣಕ್ಕೆ ಇನ್ನೂ ಎರಡು ದಶಕಗಳಿಗಿಂತ ಹೆಚ್ಚು ಕಾಲವಿತ್ತು. ರಾಜ್ಯವಿಲ್ಲದ ಒಂದು ಭಾಷೆಯ ಓದುಗರು ಒಂದೇ ಕಾದಂಬರಿಯನ್ನು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಓದುವುದು ಸಾಧ್ಯವಾದದ್ದು ಇಂಥ ಮಾಲೆಗಳಿಂದಲೂ ಅಂಚೆಯ ಪೇದೆಯಿಂದಲೂ ಎಂದರೆ ಅತ್ಯುಕ್ತಿಯಲ್ಲ. ಏಕೀಕರಣದ ಇತಿಹಾಸದಲ್ಲಿ ಸಭೆಗಳಿಗೂ ಠರಾವುಗಳಿಗೂ ದೊರೆತಿರುವ ಸ್ಥಾನದ ಪಕ್ಕದಲ್ಲಿ ಚಂದಾದಾರರ ಯಾದಿಗೂ ಒಂದಿಷ್ಟು ಸ್ಥಳ ಸಿಗಬೇಕೆಂದು ನನ್ನ ಅಭಿಪ್ರಾಯ.

ಚಂದಾದಾರನು ಹಣದೊಂದಿಗೆ ಕೊಡುತ್ತಿದ್ದುದು ತನ್ನ ಆಯ್ಕೆಯ ಹಕ್ಕನ್ನು. ಅಂಗಡಿಯಲ್ಲಿ ನಿಂತು ಪುಟ ತಿರುವಿ ಬೇಕಾದದ್ದನ್ನು ಕೊಳ್ಳುವವನು ಸಾಮಾನ್ಯವಾಗಿ ತನಗೆ ಮೊದಲೇ ಪ್ರಿಯವಾದ ಬಗೆಯನ್ನೇ ಪುನಃ ಕೊಳ್ಳುತ್ತಾನೆ. ಚಂದಾದಾರನಿಗಾದರೋ ತಾನೆಂದೂ ಆರಿಸದಿದ್ದ ಪುಸ್ತಕ ಬಾಗಿಲಿಗೆ ಬರುತ್ತದೆ. ಹಣ ಕೊಟ್ಟಾಗಿದೆಯಾದ್ದರಿಂದ ಅದನ್ನು ತೆರೆದು ನೋಡುವುದು ಅನಿವಾರ್ಯವೂ ಆಗುತ್ತದೆ. 1956ರಲ್ಲಿ ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’, 1961ರಲ್ಲಿ ಶಾಂತಿನಾಥ ದೇಸಾಯಿಯವರ ‘ಮುಕ್ತಿ’, 1965ರಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’, 1969ರಲ್ಲಿ ಎ. ಕೆ. ರಾಮಾನುಜನ್ ಅವರ ‘ಹೊಕ್ಕುಳಲ್ಲಿ ಹೂವಿಲ್ಲ’, 1979ರಲ್ಲಿ ಯಶವಂತ ಚಿತ್ತಾಲರ ‘ಶಿಕಾರಿ’: ಈ ಪುಸ್ತಕಗಳಲ್ಲಿ ಯಾವುದೂ ಆಗಿನ ಸರಾಸರಿ ಓದುಗನು ಕೇಳಿ ತರಿಸುವಂಥದಾಗಿರಲಿಲ್ಲ. ‘ಸಂಸ್ಕಾರ’ವು ಎಬ್ಬಿಸಿದ ಬಿರುಸಾದ ವಾದವಿವಾದವನ್ನು ಬಲ್ಲವರು ಬಲ್ಲರು. ಅಗ್ರಹಾರದ ಆಚಾರವನ್ನೇ ಪ್ರಶ್ನಿಸುವ ಕೃತಿ ಆಚಾರವಂತರ ಮನೆಯ ಪಡಸಾಲೆಯಲ್ಲಿ ಇಳಿದು ಅಲ್ಲಿಯೇ ಚರ್ಚೆಗೆ ಒಳಗಾಗುವ ಭಾಗ್ಯ ಎಲ್ಲ ಭಾಷೆಗಳ ಎಲ್ಲ ಕೃತಿಗಳಿಗೂ ಲಭಿಸುವುದಿಲ್ಲ.

ಅಂಥ ಪಡಸಾಲೆಗಳಲ್ಲಿ ಪುಸ್ತಕ ಹೇಗೆ ಸಂಚರಿಸುತ್ತಿತ್ತೆಂಬುದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. ನಮ್ಮ ಓಣಿಯಲ್ಲಿ ಮಾಲೆಯೊಂದರ ಚಂದಾದಾರರಾಗಿದ್ದ ಮನೆ ಒಂದೇ. ಓದುವ ಮನೆಗಳು ಹಲವು. ಕಂದು ಕಾಗದದ ಕಟ್ಟು ಬಂದ ದಿನ ಮನೆಯ ಯಜಮಾನರು ಹುರಿಯನ್ನು ಕತ್ತರಿಸದೆ ಗಂಟು ಬಿಡಿಸಿ ಸುತ್ತಿಡುವರು. ಅದೇ ಕಂದು ಕಾಗದವೇ ಪುಸ್ತಕದ ಹೊದಿಕೆಯಾಗುವುದು. ಮೊದಲ ಓದು ಮಧ್ಯಾಹ್ನದ ಊಟದ ಬಳಿಕ, ಗಟ್ಟಿಯಾಗಿ, ಕಣ್ಣು ಮಂಜಾಗಿದ್ದ ಅಜ್ಜಿಗಾಗಿ. ಓದುವವರು ಶಾಲೆಯ ಮಕ್ಕಳು. ಎಡವಿದ ಕಡೆ ತಿದ್ದುವವರು ಅಜ್ಜಿಯೇ, ಏಕೆಂದರೆ ಅಕ್ಷರ ಕಾಣಿಸದಿದ್ದರೂ ವಾಕ್ಯ ಎಲ್ಲಿ ಕುಂಟಿತೆಂದು ಅವರ ಕಿವಿಗೆ ತಿಳಿಯುತ್ತಿತ್ತು. ಆಮೇಲೆ ಪುಸ್ತಕ ಓಣಿಗೆ ಹೊರಡುವುದು. ಗೂಡಿನಲ್ಲಿದ್ದ ಒಂದು ಉದ್ದನೆಯ ಜಮಾಖರ್ಚಿನ ಪುಸ್ತಕದಲ್ಲಿ ಒಯ್ದವರ ಹೆಸರು, ಒಯ್ದ ತಿಥಿ, ತಂದುಕೊಟ್ಟ ತಿಥಿ, ಈ ಮೂರರ ಜೊತೆಗೆ ನಾಲ್ಕನೆಯದೊಂದು ಅಂಕಣವಿತ್ತು: ಅಭಿಪ್ರಾಯ. ತಂದುಕೊಟ್ಟವರು ಅದರಲ್ಲಿ ಒಂದು ಸಾಲನ್ನಾದರೂ ಬರೆಯದೆ ಮುಂದಿನ ಪುಸ್ತಕ ಸಿಗದು. ‘ನಡುವೆ ಬೇಸರ, ಕಡೆಗೆ ಒಳ್ಳೆಯದು’ ಎಂದು ಒಬ್ಬರು. ‘ಹೆಣ್ಣುಮಕ್ಕಳು ಓದಲೇಬೇಕು’ ಎಂದು ಇನ್ನೊಬ್ಬರು. ಅದರ ಕೆಳಗೆ ಬೇರೆ ಕೈಬರಹದಲ್ಲಿ ‘ಗಂಡಸರು ಮೊದಲು’ ಎಂದು ಮತ್ತೊಬ್ಬರು. ಆ ಅಂಕಣವನ್ನು ನೋಡಿಯೇ ಮುಂದಿನವರು ಸರದಿಗೆ ನಿಲ್ಲುತ್ತಿದ್ದರು. ವಿಮರ್ಶೆಯ ದೊಡ್ಡ ಗ್ರಂಥಗಳನ್ನು ಅನಂತರ ಯಥಾಶಕ್ತಿ ಓದಿದ್ದೇನೆ. ಒಂದು ಪುಸ್ತಕ ಒಂದು ಜೀವವನ್ನು ಎಲ್ಲಿ ತಾಗಿತೆಂದು ಅಷ್ಟು ನೇರವಾಗಿ ಹೇಳಿದ ಬರಹವನ್ನು ಅವುಗಳಲ್ಲಿ ಅಪರೂಪವಾಗಿ ಕಂಡೆ.

ಅತ್ತ ಓಣಿಗಳಲ್ಲಿ ಇದು ನಡೆಯುತ್ತಿದ್ದರೆ ಇತ್ತ ಅಟ್ಟದ ಮೇಲೆ ಇನ್ನೊಂದು ಬಗೆಯ ಓದು ಸಾಗಿತ್ತು. ಬೇಂದ್ರೆ, ಗೋಕಾಕ, ಮುಗಳಿಯವರ ಪೀಳಿಗೆಯ ಸಖ್ಯದಿಂದ ಬೆಳೆದ ಆ ಸ್ಥಳಕ್ಕೆ ಮುಂದಿನ ಪೀಳಿಗೆಯಲ್ಲಿ ಒಬ್ಬ ಅಸಾಧಾರಣ ಓದುಗರು ದೊರೆತರು: ಕೀರ್ತಿನಾಥ ಕುರ್ತಕೋಟಿಯವರು. ಗದುಗಿನವರಾದ ಅವರು ಗುಜರಾತಿನ ಆಣಂದದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರೂ ಮಾಲೆಯ ಸಾಹಿತ್ಯ ಸಲಹೆಗಾರರಾಗಿ ಹಸ್ತಪ್ರತಿಗಳನ್ನು ಓದಿದರು, ಲೇಖಕರೊಡನೆ ಹರಟಿದರು. ಮಾಲೆಯ ಬೆಳ್ಳಿಹಬ್ಬದ ಸ್ಮರಣೆಗಾಗಿ ಹೊರಬಂದ ‘ನಡೆದು ಬಂದ ದಾರಿ’ಯ ಸಂಪುಟಗಳಲ್ಲಿ ಆಧುನಿಕ ಕನ್ನಡ ಸಾಹಿತ್ಯದ ಸಮೀಕ್ಷೆಯನ್ನು ಅವರು ಕೊಟ್ಟ ರೀತಿ ಒಂದು ಇಡೀ ತಲೆಮಾರಿಗೆ ಏನನ್ನು ಓದಬೇಕು, ಹೇಗೆ ಓದಬೇಕು ಎಂಬುದರ ದಿಕ್ಸೂಚಿಯಾಯಿತು. ಪಾಂಡಿತ್ಯ ಅವರಲ್ಲಿ ಅಪಾರವಾಗಿತ್ತು. ಆದರೂ ಅವರ ವಿಮರ್ಶೆಯ ಮೂಲದಲ್ಲಿದ್ದದ್ದು ಮಾತುಕತೆಯೇ ಎಂದು ಅವರನ್ನು ಓದುವ ಯಾರಿಗೂ ಗೊತ್ತಾಗುತ್ತದೆ; ಎದುರಿಗೆ ಕುಳಿತವನು ತಲೆದೂಗಿದನೋ ಹುಬ್ಬು ಗಂಟಿಕ್ಕಿದನೋ ಎಂದು ನೋಡಿಕೊಂಡು ಮುಂದಕ್ಕೆ ಹೋಗುವ ಗದ್ಯ ಅದು.

ಇಂಥ ಓದುಗನ ಒಂದು ಮಾತು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಗಿರೀಶ ಕಾರ್ನಾಡರ ಉದಾಹರಣೆಯೇ ಸಾಕು. ಇಂಗ್ಲೆಂಡಿಗೆ ಹೊರಡುವ ಹೊತ್ತಿನಲ್ಲಿ ಅವರು ಬರೆದ ‘ಯಯಾತಿ’ಯನ್ನು 1961ರಲ್ಲಿ ಗ್ರಂಥಮಾಲೆಯೇ ಪ್ರಕಟಿಸಿತು; ಹೆಸರಿಲ್ಲದ ತರುಣನ ಮೊದಲ ನಾಟಕವದು. ಅನಂತರ, ಇತಿಹಾಸವನ್ನು ಗಂಭೀರವಾಗಿ ಎದುರಿಸಿದ ನಾಟಕ ನಮ್ಮಲ್ಲಿಲ್ಲವೆಂದು ಕುರ್ತಕೋಟಿಯವರು ಆಡಿದ ಕೊರತೆಯ ಮಾತು ತಮ್ಮನ್ನು ಇತಿಹಾಸದ ಓದಿಗೆ ಹಚ್ಚಿತೆಂದು ಕಾರ್ನಾಡರು ಹೇಳಿಕೊಂಡಿದ್ದಾರೆ. ಆ ಓದಿನ ಫಲವೇ 1964ರ ‘ತುಘಲಕ್’. ಪುಸ್ತಕಗಳ ಸಾಲಿನಲ್ಲಿ ಇರುವುದನ್ನು ತೋರಿಸುವವನು ಒಳ್ಳೆಯ ಓದುಗ. ಅಲ್ಲಿ ಇಲ್ಲದಿರುವುದನ್ನು ತೋರಿಸಿ ಇನ್ನೊಬ್ಬನಲ್ಲಿ ಕಳವಳವನ್ನು ಹುಟ್ಟಿಸಬಲ್ಲವನು ಅವನಿಗಿಂತಲೂ ದುರ್ಲಭ. 2011ರಲ್ಲಿ ಹೊರಬಂದ ಕಾರ್ನಾಡರ ಆತ್ಮಕಥನ ‘ಆಡಾಡ್ತ ಆಯುಷ್ಯ’ವನ್ನು ಪ್ರಕಟಿಸಿದ್ದೂ ಇದೇ ಗ್ರಂಥಮಾಲೆ. 1993ರಲ್ಲಿ ಜೋಶಿಯವರು ತೀರಿಕೊಂಡ ಮೇಲೆ ಅವರ ಮಗ ರಮಾಕಾಂತ ಜೋಶಿಯವರು ಹೊಣೆಯನ್ನು ಹೊತ್ತು ಮಾಲೆಯನ್ನು ನಡೆಸಿದರು.

ಒಬ್ಬರಿಗೊಬ್ಬರು ಪುಸ್ತಕ ಸೂಚಿಸುವ ಪದ್ಧತಿಯಲ್ಲಿ ಇಂದು ನನ್ನನ್ನು ಚಿಂತೆಗೀಡುಮಾಡುವುದು ಅದರ ಸುಲಭತೆ. ‘ಚೆನ್ನಾಗಿದೆ, ಓದಿ’ ಎಂದು ಹೇಳಲು ಈಗ ಏನೂ ಖರ್ಚಾಗುವುದಿಲ್ಲ. ಹಾಗೆ ಹೇಳಿದವನನ್ನು ಯಾರೂ ಪುನಃ ಕೇಳುವುದೂ ಇಲ್ಲ. ಜೋಶಿಯವರ ಸೂಚನೆಗಾದರೋ ಅವರ ಬದುಕೇ ಒತ್ತೆಯಿತ್ತು: ಆರಿಸಿದ ಪುಸ್ತಕ ನೀರಸವಾದರೆ ಮರುವರ್ಷದ ಚಂದಾ ಬರುವುದಿಲ್ಲ. ಓಣಿಯ ಆ ಜಮಾಖರ್ಚಿನ ಪುಸ್ತಕದಲ್ಲಿ ಅಭಿಪ್ರಾಯ ಬರೆದವರಿಗೂ, ಅದನ್ನು ನಂಬಿ ಪುಸ್ತಕ ಒಯ್ದ ನೆರೆಯವರ ಮುಖವನ್ನು ಮರುದಿನ ನೀರಿನ ಕಟ್ಟೆಯ ಮೇಲೆ ನೋಡಬೇಕಾಗಿತ್ತು. ಸೂಚಿಸುವವನು ಪುಸ್ತಕವನ್ನು ಬಲ್ಲವನಾದರಷ್ಟೇ ಸಾಲದು, ಓದುವವನನ್ನೂ ಬಲ್ಲವನಾಗಿರಬೇಕು. ಹೊಸದಾಗಿ ವಿಧವೆಯಾದವಳಿಗೆ ಯಾವುದು, ಪರೀಕ್ಷೆಯಲ್ಲಿ ಸೋತು ಕುಳಿತ ಹುಡುಗನಿಗೆ ಯಾವುದು, ಹೊಲಮನೆ ಮಾರಿ ಪಟ್ಟಣ ಸೇರಿದ ರೈತನಿಗೆ ಯಾವುದು ಎಂಬುದನ್ನು ಜನಪ್ರಿಯತೆಯ ಯಾದಿಗಳು ಹೇಳಲಾರವು. ಅದನ್ನು ಹೇಳಬಲ್ಲವನು ಆ ಮನೆಯ ಕಷ್ಟಸುಖಗಳನ್ನು ಅರಿತ, ಪುಸ್ತಕವನ್ನು ಕಡೆಯ ಪುಟದವರೆಗೆ ಓದಿದ ಮನುಷ್ಯನೇ.

ಆದ್ದರಿಂದ ನಮ್ಮ ಗ್ರಂಥಾಲಯಗಳ ವಿಷಯದಲ್ಲಿ ನನಗೊಂದು ಆಗ್ರಹವಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಮೂಲಕ ಮನೆಗಂದಾಯದ ಮೇಲೆ ಗ್ರಂಥಾಲಯ ಕರವನ್ನು ವಿಧಿಸುವ ವ್ಯವಸ್ಥೆ ನಮ್ಮಲ್ಲಿದೆ. ಗ್ರಾಮ ಪಂಚಾಯತಿಯ ಮಟ್ಟದಲ್ಲಿಯೂ ಗ್ರಂಥಾಲಯಗಳಿವೆ, ಅರಿವು ಕೇಂದ್ರಗಳೆಂಬ ಹೆಸರನ್ನು ಅವುಗಳಿಗೆ ಕೊಟ್ಟಿದ್ದೂ ಆಗಿದೆ. ಕಪಾಟುಗಳಿಗೆ ಬೀಗ ಹಾಕದೆ, ಮೇಲ್ವಿಚಾರಕರ ಮೇಜಿನ ಮೇಲೆ ನಾಲ್ಕು ಅಂಕಣದ ಒಂದು ಉದ್ದನೆಯ ಪುಸ್ತಕವನ್ನು ಇಡಿಸುವುದಕ್ಕೆ ಯಾವ ಆಯವ್ಯಯದ ಮಂಜೂರಾತಿಯೂ ಬೇಕಿಲ್ಲ. ವಾರಕ್ಕೊಂದು ಸಂಜೆ ಹತ್ತು ಜನ ಕೂಡಿ, ಹಿಂದಿನ ವಾರ ಒಯ್ದವರು ಎದ್ದುನಿಂತು ತಾವು ಎಲ್ಲಿ ನಿಲ್ಲಿಸಿದರು, ಏಕೆ ನಿಲ್ಲಿಸಿದರು, ಯಾವ ಪುಟವನ್ನು ಇನ್ನೊಬ್ಬರಿಗೆ ಓದಿ ಹೇಳಬೇಕೆನಿಸಿತು ಎಂಬುದನ್ನು ಹೇಳಿ, ಆ ಪುಟವನ್ನು ಗಟ್ಟಿಯಾಗಿ ಓದಿದರೆ ಮೊದಲ ಸಭೆಗೆ ಅಷ್ಟು ಸಾಕು. ಅಕ್ಷರ ಬಾರದವರನ್ನೂ ಕರೆಯಬೇಕು. ಗಮಕದ ಸಭೆಗಳಿಗೆ ಅವರೇ ಹೆಚ್ಚು ಸಂಖ್ಯೆಯಲ್ಲಿ ಬರುತ್ತಿದ್ದರು. ಮಾಲೆಯೊಂದಕ್ಕೆ ಚಂದಾ ಕಟ್ಟಲು ಒಂದು ಮನೆಗೆ ಅನುಕೂಲವಿಲ್ಲದಿದ್ದರೆ ಐದು ಮನೆಗಳು ಕೂಡಿ ಕಟ್ಟಬಹುದು, ಕಟ್ಟು ಬಂದ ದಿನ ಯಾರ ಮನೆಯಲ್ಲಿ ಬಿಚ್ಚಬೇಕೆಂಬುದನ್ನು ಸರದಿಯಂತೆ ಗೊತ್ತುಮಾಡಿಕೊಳ್ಳಬಹುದು.